ರುಮೇಲಾಕ್ಕೆ ಹೊರಟ ಮೊಮ್ಮಗನಿಗೆ

ಮಗಾ, ಮೊನ್ನೆ ಊಟಕ್ಕೆ ಕೂತಾಗ ನೀನು ಇರಾಕಿನ ಬಸ್ರಾದಲ್ಲಿ ಕೆಲಸ ಸಿಕ್ಕಿತು ಅಂದೆ. ನಿನ್ನ ಅಮ್ಮ ಸಂಬಳ ಎಷ್ಟು ಎಂದು ಕೇಳಿದಳು, ಅಪ್ಪ ವರ್ಷಕ್ಕೆ ಎಷ್ಟು ರಜೆ ಎಂದು ಕೇಳಿದ. ನಾನು ಕೇಳಿದ್ದು ಯಾವ ಎಣ್ಣೆ ಬಾವಿ ಅಂತ. ನೀನು ನನ್ನ ಮುಖ ನೋಡಿ "ರುಮೇಲಾ, ಅಜ್ಜ" ಅಂದೆ. ಆಮೇಲೆ ನನಗೆ ಅನ್ನ ಸೇರಲಿಲ್ಲ, ಎದ್ದುಬಿಟ್ಟೆ. ನಿಮಗೆಲ್ಲ ಹೊಟ್ಟೆ ಸರಿ ಇಲ್ಲ ಅಂದೆ. ಅದು ನಿಜವಲ್ಲ.

ಆ ಹೆಸರನ್ನು ನಾನು ಮೊದಲು ಕೇಳಿದ್ದು 1990ರ ಜುಲೈ ತಿಂಗಳಲ್ಲಿ, ಕುವೈತಿನ ಫಹಾಹೀಲಿನಲ್ಲಿ, ನಾವು ಆರು ಜನ ಇದ್ದ ಒಂದೇ ಕೋಣೆಯ ರೇಡಿಯೋದಲ್ಲಿ. ಇರಾಕಿನ ಅಧ್ಯಕ್ಷ ಸದ್ದಾಮ್ ಹುಸೇನ್ ಕುವೈತನ್ನು ಬೈಯುತ್ತಿದ್ದಾರೆ, ರುಮೇಲಾ ಎಂಬ ಎಣ್ಣೆಯ ನೆಲದಲ್ಲಿ ಕುವೈತಿನವರು ಕಳ್ಳತನ ಮಾಡುತ್ತಿದ್ದಾರಂತೆ ಎಂದು ಸುದ್ದಿ. ನಾವು ನಕ್ಕೆವು. ದೊಡ್ಡವರ ಬೇಲಿ ಜಗಳ, ನಮಗೇನು ಎಂದು ಚಹಾ ಕುಡಿದು ಮಲಗಿದೆವು. ಹದಿನೈದು ದಿನ ಕಳೆದಿರಲಿಲ್ಲ, ಆಗಸ್ಟ್ 2ರ ಬೆಳಗಿನ ಜಾವ ಹೆಲಿಕಾಪ್ಟರ್ ಸದ್ದಿಗೆ ಎಚ್ಚರವಾಯಿತು. ಇರಾಕಿನ ಸೇನೆ ಕುವೈತಿಗೆ ನುಗ್ಗಿತ್ತು.

ಎಣ್ಣೆಗೋಸ್ಕರವೇ ಯುದ್ಧ ಮಾಡುತ್ತಾರಾ ಎಂದು ರಾತ್ರಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡದೆ ಹೋದೆ. ಹೌದು ಎಂದು ಒಂದೇ ಮಾತಲ್ಲಿ ಹೇಳಿದರೆ ನೀನು ಅಲ್ಲಿಗೇ ತಿಳಿಯಿತು ಎಂದುಕೊಳ್ಳುತ್ತೀಯಾ ಎಂಬ ಹೆದರಿಕೆ. ಸಾವಧಾನವಾಗಿ ಕೂತು ಓದು.

ಇರಾಕು ಇರಾನಿನ ಜೊತೆ 1980ರಿಂದ 88ರವರೆಗೆ ಹೊಡೆದಾಡಿ ಸುಸ್ತಾಗಿತ್ತು. ಆ ಎಂಟು ವರ್ಷಕ್ಕೆ ಕುವೈತೇ ಸಾಲ ಕೊಟ್ಟಿತ್ತು, ಸೌದಿಯೂ ಕೊಟ್ಟಿತ್ತು. ಯುದ್ಧ ನಿಂತ ಮೇಲೆ ಸಾಲ ತೀರಿಸಲು ಇರಾಕಿಗೆ ಇದ್ದದ್ದು ಒಂದೇ ದಾರಿ, ಎಣ್ಣೆ ಮಾರುವುದು. ಆದರೆ ಕುವೈತೂ ಎಮಿರೇಟ್ಸೂ ಎಣ್ಣೆ ದೇಶಗಳ ಕೂಟವಾದ ಒಪೆಕ್ ಹಾಕಿಕೊಟ್ಟ ಪ್ರಮಾಣ ಮೀರಿ ಎಣ್ಣೆ ತೆಗೆಯುತ್ತಿದ್ದವು. 1990ರ ಮೊದಲಿಗೆ ಬ್ಯಾರೆಲಿಗೆ 20 ಡಾಲರಿನ ಆಸುಪಾಸು ಇದ್ದ ಬೆಲೆ ಜೂನ್ ಹೊತ್ತಿಗೆ 15ರ ಹತ್ತಿರ ಬಂತು. ಬೆಲೆ ಒಂದು ಡಾಲರ್ ಇಳಿದರೆ ತಮಗೆ ವರ್ಷಕ್ಕೆ 100 ಕೋಟಿ ಡಾಲರ್ ನಷ್ಟ ಎಂದು ಸದ್ದಾಮ್ ಆ ಮೇ ತಿಂಗಳಲ್ಲಿ ಬಗ್ದಾದಿನ ಅರಬ್ ನಾಯಕರ ಸಭೆಯಲ್ಲೇ ಹೇಳಿದ್ದರು. ರುಮೇಲಾದ ಬಹುಪಾಲು ಇರಾಕಿನ ಒಳಗೆ, ದಕ್ಷಿಣದ ತುದಿ ಮಾತ್ರ ಕುವೈತಿನೊಳಗೆ. ಮೇಲೆ ಗಡಿ ಎಳೆದರೂ ಕೆಳಗಿನ ಎಣ್ಣೆಗೆ ಗಡಿ ಎಲ್ಲಿಯದು? ಅಲ್ಲಿಂದ 240 ಕೋಟಿ ಡಾಲರಿನ ಎಣ್ಣೆ ಕದ್ದಿದ್ದಾರೆ ಎಂದು ಇರಾಕು ದೂರಿತು. ಜೆಡ್ಡಾದಲ್ಲಿ ಮಾತುಕತೆ ಮುರಿದದ್ದು ದಾಳಿಯ ಹಿಂದಿನ ದಿನ.

ನೋಡಿದೆಯಾ, ಎಣ್ಣೆ ಬೇಕು ಎಂದು ಬಂದ ಯುದ್ಧವಲ್ಲ ಅದು. ಇರಾಕಿನಲ್ಲಿ ಎಣ್ಣೆ ಬೇಕಾದಷ್ಟಿತ್ತು. ಸಾಲ ಇತ್ತು, ಬೆಲೆ ಇಳಿದಿತ್ತು, ಸಾಲ ಕೊಟ್ಟವನೇ ಬೆಲೆ ಇಳಿಸುತ್ತಿದ್ದಾನೆ ಎಂಬ ಸಿಟ್ಟಿತ್ತು. ಇನ್ನು ಮುಂದೆ ಎಣ್ಣೆಗಾಗಿ ಯುದ್ಧ ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ಬಿಡಬೇಡ. ಎಣ್ಣೆಯ ಯಾವುದಕ್ಕಾಗಿ ಎಂದು ಕೇಳು. ಬೆಲೆಗಾ, ಸಾಲಕ್ಕಾ, ಹಡಗು ಹೋಗುವ ದಾರಿಗಾ, ಅಥವಾ ನಲ್ಲಿ ಇನ್ನೊಬ್ಬನ ಕೈಗೆ ಹೋಗಬಾರದು ಎಂಬುದಕ್ಕಾ? ಕಾರಣ ಬೇರೆಯಾದರೆ ತಪ್ಪು ಹೊರಬೇಕಾದವರೂ ಬೇರೆಯಾಗುತ್ತಾರೆ.

ನಾನು ಆಗ ಒಂದು ಕಟ್ಟಡದ ಕಂಪನಿಯಲ್ಲಿ ಸ್ಟೋರ್ ಕೀಪರ್. ಮೂರನೆಯ ದಿನ ನಾಲ್ವರು ಇರಾಕಿ ಸಿಪಾಯಿಗಳು ಗೋದಾಮಿಗೆ ಬಂದರು. ಬೀಗದ ಕೈ ಕೊಡುವಾಗ ನನ್ನ ಕೈ ನಡುಗುತ್ತಿತ್ತು. ಅವರು ಮೊದಲು ಕೇಳಿದ್ದು ನೀರು. ಅದರಲ್ಲೊಬ್ಬನಿಗೆ ನಿನ್ನ ವಯಸ್ಸಿರಬಹುದು. ಅವನ ಬೂಟಿಗೆ ಲೇಸಿರಲಿಲ್ಲ, ಕರೆಂಟಿನ ವಯರು ಸುತ್ತಿ ಕಟ್ಟಿದ್ದ. ನೀರು ಕುಡಿದು ಒಂದು ಟೇಬಲ್ ಫ್ಯಾನ್ ಎತ್ತಿ ಕಂಕುಳಲ್ಲಿ ಇಟ್ಟುಕೊಂಡ, ಅಮ್ಮನಿಗೆ ಎಂದು ಸನ್ನೆ ಮಾಡಿ ತೋರಿಸಿದ. ನೆಲದಡಿಯ ಎಣ್ಣೆಯಲ್ಲಿ ಸೌದಿಯ ನಂತರದ ದೇಶ ಎಂದು ಜಗತ್ತು ಎಣಿಸುತ್ತಿದ್ದ ನಾಡಿನ ಸಿಪಾಯಿ ಅವನು. ಆ ವಯರಿನ ಗಂಟು ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ಅವನು ಊರಿಗೆ ಮುಟ್ಟಿದನೋ, 1991ರ ಫೆಬ್ರವರಿಯಲ್ಲಿ ಬಸ್ರಾ ದಾರಿಯಲ್ಲಿ ಸುಟ್ಟುಹೋದ ಲಾರಿಗಳಲ್ಲಿದ್ದನೋ.

ಈಗ ಇನ್ನೊಂದು ಕಡೆಯವರ ಮಾತು. ಕುವೈತನ್ನು ನುಂಗಿದ್ದು ಅನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ನಾನು ಕಂಡ ಕುವೈತಿಗಳು ತಮ್ಮ ಮನೆಯಲ್ಲೇ ಅಡಗಿ ಕೂತರು, ಕೆಲವರು ನಮ್ಮಂಥವರ ಕೋಣೆಗೆ ಬಂದು ಅಡಗಿದರು. ಆದರೆ ಕುವೈತನ್ನು ಬಿಡಿಸಲು ಅಮೆರಿಕ ಐದು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಅಷ್ಟು ಬೇಗ ತಂದು ಇಳಿಸಿದ್ದು ಬರೀ ನ್ಯಾಯಕ್ಕಾ? 1991ರ ಜನವರಿ 15ರಂದು ಅಧ್ಯಕ್ಷ ಬುಷ್ ಯುದ್ಧಕ್ಕೆ ಸಹಿ ಹಾಕಿದ ಗುಪ್ತ ಆದೇಶ ಆಮೇಲೆ ಬಹಿರಂಗವಾಯಿತು. ಅದರ ಮೊದಲ ಸಾಲಲ್ಲೇ ಪರ್ಷಿಯನ್ ಕೊಲ್ಲಿಯ ಎಣ್ಣೆ ತಮಗೆ ಸಿಗುತ್ತಿರುವುದು ಅಮೆರಿಕದ ಭದ್ರತೆಗೆ ಅತ್ಯಗತ್ಯ ಎಂದಿದೆ. ಮೂರೇ ವರ್ಷದ ಮೇಲೆ, 1994ರಲ್ಲಿ, ರುವಾಂಡದಲ್ಲಿ ನೂರು ದಿನದಲ್ಲಿ ಸುಮಾರು ಎಂಟು ಲಕ್ಷ ಜನರನ್ನು ಕೊಂದರು. ಅಲ್ಲಿದ್ದ ವಿಶ್ವಸಂಸ್ಥೆಯ ಪಡೆಯನ್ನು ಹೆಚ್ಚಿಸುವ ಬದಲು ಕೊಲೆ ನಡೆಯುತ್ತಿದ್ದಾಗಲೇ ಸುಮಾರು 270 ಜನಕ್ಕೆ ಇಳಿಸಲು ತೀರ್ಮಾನಿಸಿದರು. ರುವಾಂಡ ಎಣ್ಣೆ ತೆಗೆಯುವ ನಾಡಾಗಿರಲಿಲ್ಲ. ಮಗಾ, ಈ ಎರಡನ್ನು ಅಕ್ಕಪಕ್ಕ ಇಟ್ಟು ನೋಡಿದ ದಿನ ನಾನು ದೊಡ್ಡವರ ಭಾಷಣ ಕೇಳುವ ರೀತಿಯೇ ಬದಲಾಯಿತು.

ನಾವು ಹೊರಟದ್ದು ಸೆಪ್ಟೆಂಬರ್ ಮೊದಲಿಗೆ. ಅಬ್ದಲಿ ಗಡಿ ದಾಟಿ ಸಫ್ವಾನ್, ಅಲ್ಲಿಂದ ಬಸ್ರಾ. ನೀನು ಇನ್ನು ದಿನಾ ಓಡಾಡುವ ನೆಲ. ಬಸ್ರಾದ ಹೊರಗೆ ಬಸ್ಸಿನ ಟೈರ್ ಒಡೆಯಿತು. ಮಕ್ಕಳು ಹಸಿದು ಅಳುತ್ತಿದ್ದವು. ಖರ್ಜೂರದ ತೋಟದಿಂದ ಕಪ್ಪು ಅಬಾಯಾ ಹೊದ್ದ ಒಬ್ಬ ಮುದುಕಿ ಈಚಲ ಗರಿಯ ಬುಟ್ಟಿಯಲ್ಲಿ ಆಗಷ್ಟೇ ಕೊಯ್ದ ಹಣ್ಣು ತಂದಳು. ಮೆತ್ತಗೆ ಹಣ್ಣಾಗಿ ಜೇನಿನಂತೆ ಒಸರುವ ಅದಕ್ಕೆ ಅಲ್ಲಿ ರುತಬ್ ಎನ್ನುತ್ತಾರೆ. ನಾನು ದಿನಾರ್ ಚಾಚಿದೆ. ನನ್ನ ಕೈಯನ್ನು ತಳ್ಳಿ ಹಣ್ಣನ್ನು ನೇರ ಮಕ್ಕಳ ಬಾಯಿಗೇ ಇಟ್ಟಳು. ಅವಳ ಸರಕಾರ ನಮ್ಮ ಬದುಕು ಕಿತ್ತುಕೊಂಡಿತ್ತು, ಅವಳು ನಮಗೆ ಉಣ್ಣಿಸಿದಳು. ಅದರಿಂದಾಗಿ ಇರಾಕಿಗಳನ್ನು ಬೈಯುವುದು ನನ್ನಿಂದ ಈ ಜನ್ಮದಲ್ಲಿ ಆಗಲಿಲ್ಲ.

ಬಗ್ದಾದ್, ಆಮೇಲೆ ಮರಳುಗಾಡಿನ ಗಡಿಯಲ್ಲಿ ಡೇರೆ, ಕೊನೆಗೆ ಜೋರ್ಡಾನಿನ ಅಮ್ಮಾನ್. ಏರ್ ಇಂಡಿಯಾ ನೂರಾರು ಸಲ ಹಾರಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಂದಿತು, ಅದರಲ್ಲಿ ನಾನೊಬ್ಬ. ಬೊಂಬಾಯಿಯಿಂದ ಉಡುಪಿಗೆ ಆಗ ಕೊಂಕಣ ರೈಲಿರಲಿಲ್ಲ, ಬಸ್ಸಿನಲ್ಲಿ ಬಂದೆ. ಶಿರ್ವದಲ್ಲಿ ಇಳಿದಾಗ ನಿನ್ನಪ್ಪ ನನ್ನ ಗುರುತು ಹಿಡಿಯಲಿಲ್ಲ. ಕಿಸೆಯಲ್ಲಿದ್ದ ದಿನಾರು ಆ ಹೊತ್ತಿಗೆ ಬರೀ ಕಾಗದ.

ದೇಶಕ್ಕೂ ಅದೇ ಗತಿ. ಎಣ್ಣೆ ಬೆಲೆ ಅಕ್ಟೋಬರಿನಲ್ಲಿ 40 ಡಾಲರ್ ದಾಟಿತು, ಗಲ್ಫಿನಿಂದ ಬರುತ್ತಿದ್ದ ಹಣ ಇಳಿಯಿತು. ಮೊದಲೇ ಸೊರಗಿದ್ದ ಬೊಕ್ಕಸ ಬರಿದಾಗಿ, 1991ರಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಬಂಗಾರವನ್ನು ವಿಮಾನ ಹತ್ತಿಸಿ ಹೊರಗೆ ಅಡವಿಡಬೇಕಾಯಿತು. ನಿನ್ನ ಅಜ್ಜಿಯ ಕರಿಮಣಿಯೊಂದು ಬಿಟ್ಟು ಉಳಿದದ್ದೂ ಅದೇ ವರ್ಷ ಸೊಸೈಟಿಗೆ ಹೋಯಿತು.

ಸಾಲ ತೀರಿಸಲು 1992ರಲ್ಲಿ ಮತ್ತೆ ಕುವೈತಿಗೆ ಹೋದೆ. ಓಡುವಾಗ ಇರಾಕಿಗಳು 600ಕ್ಕೂ ಹೆಚ್ಚು ಬಾವಿಗೆ ಬೆಂಕಿ ಇಟ್ಟಿದ್ದರು, ಕೊನೆಯದನ್ನು ಆರಿಸಿದ್ದು 91ರ ನವೆಂಬರಿನಲ್ಲಿ. ಬುರ್ಗಾನ್ ಎಂಬ ಎಣ್ಣೆಯ ನೆಲದಲ್ಲಿ ಎಣ್ಣೆಯ ಕೆರೆಗಳು ಹಾಗೇ ನಿಂತಿದ್ದವು. ಹಕ್ಕಿಗಳು ನೀರೆಂದು ಇಳಿದು ಏಳಲಾಗದೆ ಸಾಯುತ್ತಿದ್ದವು.

2003ರ ಯುದ್ಧವನ್ನೂ ಅಲ್ಲಿಂದಲೇ ಕಂಡೆ. ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕೂತಿದ್ದೆವು, ಸೇನೆಯ ಲಾರಿಗಳು ಉತ್ತರಕ್ಕೆ ಹೋಗುತ್ತಲೇ ಇದ್ದವು. ಇರಾಕಿನಲ್ಲಿ ಸಾಮೂಹಿಕ ನಾಶದ ಅಸ್ತ್ರ ಇದೆ ಎಂದು ಹೇಳಿ ಅಮೆರಿಕದವರು ಹೋದರು, ಅದು ಸಿಗಲಿಲ್ಲ. ಮೊದಲ ದಿನಗಳಲ್ಲೇ ಕಾವಲು ಹಾಕಿದ ಜಾಗಗಳಲ್ಲಿ ನಿನ್ನ ರುಮೇಲಾ ಒಂದು. ಬಗ್ದಾದಿನಲ್ಲಿ ಎಣ್ಣೆ ಸಚಿವಾಲಯಕ್ಕೆ ಕಾವಲಿತ್ತು, ಸಾವಿರಾರು ವರ್ಷದ ವಸ್ತುಗಳಿದ್ದ ಮ್ಯೂಸಿಯಮ್ಮಿಗೆ ಇರಲಿಲ್ಲ, ಅದನ್ನು ದೋಚಿದರು. ಆದರೂ ನಿನಗೊಂದು ಎಚ್ಚರ ಹೇಳುತ್ತೇನೆ. ಎಣ್ಣೆ ಹೊತ್ತುಕೊಂಡು ಹೋಗಲು ಬಂದರು ಎಂದರೆ ಲೆಕ್ಕ ಕೂಡುವುದಿಲ್ಲ. 2009ರ ಹರಾಜಿನಲ್ಲಿ ರುಮೇಲಾ ಸಿಕ್ಕಿದ್ದು ಬ್ರಿಟನ್ನಿನ ಬಿಪಿಗೂ ಚೀನಾದ ಸರಕಾರಿ ಕಂಪನಿಗೂ, ಹೆಚ್ಚುವರಿ ತೆಗೆದ ಪ್ರತಿ ಬ್ಯಾರೆಲಿಗೆ 2 ಡಾಲರಿನ ಕೂಲಿಗೆ. ಅಮೆರಿಕದವರು ರಕ್ತ ಸುರಿಸಿದ ಬಾವಿಯಲ್ಲಿ ಚೀನೀಯರು ಎಣ್ಣೆ ತೆಗೆದರು. ನನ್ನ ತಿಳಿವಳಿಕೆಯಲ್ಲಿ ಎಣ್ಣೆ ಮನೆಗೆ ಒಯ್ಯುವುದಕ್ಕಿಂತ ಅದರ ನಲ್ಲಿ ಯಾರು ತಿರುಗಿಸಬೇಕು ಎಂಬುದು ಅವರಿಗೆ ದೊಡ್ಡದಾಗಿತ್ತು. ಅದೂ ಅವರೆಣಿಸಿದಂತೆ ಆಗಲಿಲ್ಲ.

ನಿನ್ನ ಬಸ್ರಾಕ್ಕೆ ನಮ್ಮವರು ಹಿಂದೆ ಯುದ್ಧಕ್ಕೂ ಹೋಗಿದ್ದರು. 1914ರಲ್ಲಿ ಬ್ರಿಟಿಷ್ ಸರಕಾರ ತನ್ನ ಯುದ್ಧನೌಕೆಗಳಿಗೆ ಎಣ್ಣೆ ಖಾತರಿ ಮಾಡಿಕೊಳ್ಳಲು ಆಂಗ್ಲೋ-ಪರ್ಷಿಯನ್ ಕಂಪನಿಯ ಅರ್ಧಕ್ಕಿಂತ ಹೆಚ್ಚು ಪಾಲು ಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ, ಅಬಾದಾನಿನ ಎಣ್ಣೆ ಶುದ್ಧೀಕರಣ ಘಟಕವನ್ನು ಕಾಯುವುದೂ ಒಂದು ಕೆಲಸವಾಗಿ, ಭಾರತದ ಸಿಪಾಯಿಗಳನ್ನು ಫಾವ್‌ನಲ್ಲಿ ಇಳಿಸಿ ಬಸ್ರಾ ಹಿಡಿಸಿದರು. ಅಲ್ಲಿ ಸತ್ತವರಿಗೆ ಒಂದು ಸ್ಮಾರಕ ಇದೆ, ನಾಸಿರಿಯಾ ರಸ್ತೆಯಲ್ಲಿ. ಬಿಳಿಯರಿಗೆ, ಅಧಿಕಾರಿಗಳಿಗೆ ಹೆಸರಿದೆ. ನಮ್ಮ ಸಾಮಾನ್ಯ ಸಿಪಾಯಿಗಳಿಗೆ ರೆಜಿಮೆಂಟಿನ ಕೆಳಗೆ ಬರೀ ಸಂಖ್ಯೆ. ಕಂಪನಿಯವರು ಬಿಟ್ಟರೆ ಒಂದು ಶುಕ್ರವಾರ ಹೋಗಿ ನಿಂತು ಬಾ.

ಈಗ ನನ್ನದೇ ಲೆಕ್ಕ, ನಿನ್ನಪ್ಪನಿಗೂ ಸರಿಯಾಗಿ ಹೇಳಿರಲಿಲ್ಲ. ಬಿಟ್ಟೋಡಿ ಬಂದವರಿಗೆ ವಿಶ್ವಸಂಸ್ಥೆ ಪರಿಹಾರ ಕೊಟ್ಟಿತು. ನನಗೂ 4,000 ಡಾಲರ್, ಕಂತಿನಲ್ಲಿ. ಈ ಮನೆಯ ಹಂಚು ತೆಗೆದು ಟೆರೇಸು ಹಾಕಿಸಿದ್ದು ಅದರಲ್ಲಿ. ಅದು ಎಲ್ಲಿಂದ ಬಂತು ಎಂದು ನಾನು ತಿಳಿದದ್ದು ತಡವಾಗಿ. ವಿಶ್ವಸಂಸ್ಥೆಯ ದಿಗ್ಬಂಧನದಲ್ಲಿ ಔಷಧಕ್ಕೆ ಒದ್ದಾಡುತ್ತಿದ್ದ ಇರಾಕು ಮಾರಿದ ಎಣ್ಣೆಯ ಹಣದಲ್ಲಿ ಮೊದಮೊದಲು ನೂರಕ್ಕೆ 30 ಪಾಲು ಈ ಪರಿಹಾರಕ್ಕೆ ಹೋಗುತ್ತಿತ್ತು. ಅವರು ಕೊನೆಯ ಕಂತು ಕಟ್ಟಿ ಮುಗಿಸಿದ್ದು 2022ರಲ್ಲಿ, ಒಟ್ಟು 5,200 ಕೋಟಿ ಡಾಲರಿಗೂ ಹೆಚ್ಚು. ನನ್ನ ನಷ್ಟ ನಿಜ, ನನಗೆ ಸಲ್ಲಬೇಕಾದ್ದೇ ಬಂತು. ಆದರೆ ಕಟ್ಟಿದ್ದು ಸದ್ದಾಮ್ ಅಲ್ಲ, ಆ ಮುದುಕಿಯ ಮೊಮ್ಮಕ್ಕಳು. ಮಳೆಗಾಲದಲ್ಲಿ ಈ ಟೆರೇಸಿನ ಕೆಳಗೆ ಒಣ ಜಾಗದಲ್ಲಿ ಮಲಗಿದಾಗ ಅದು ನೆನಪಾಗುತ್ತದೆ. ನಿನ್ನ ಜೊತೆ ಕೆಲಸ ಮಾಡುವ ಇರಾಕಿ ಹುಡುಗರು ಆ ಕಾಲದಲ್ಲಿ ಹುಟ್ಟಿದವರು. ಅವರೆದುರು "ನಿಮ್ಮ ದೇಶ ಹಾಳು" ಎಂಬ ಮಾತು ನಿನ್ನ ಬಾಯಲ್ಲಿ ಬರಕೂಡದು.

ಇಲ್ಲೇ ಪಾದೂರಿನ ನೆಲದಡಿ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆ ಮಾಡಿದ್ದಾರೆ, ಮಂಗಳೂರಲ್ಲಿ 15 ಲಕ್ಷ ಟನ್ನಿನದು. ವಿಶಾಖಪಟ್ಟಣದ್ದೂ ಸೇರಿ ಎಲ್ಲ ತುಂಬಿದರೂ ದೇಶಕ್ಕೆ ಹತ್ತು ದಿನಕ್ಕೂ ಸಾಲದು. ಹಾಗಾಗಿ ಹೊರಗಿನವರ ಯುದ್ಧ ಎಂದು ನಾವು ದೂರ ನಿಂತು ನೋಡುವ ಹಾಗಿಲ್ಲ. ನನ್ನ ಸಂಬಳವೂ ಎಣ್ಣೆಯದ್ದೇ, ನಿನ್ನದೂ ಅದೇ. ಹೋಗಬೇಡ ಎನ್ನುವುದಿಲ್ಲ. ಕಣ್ಣು ತೆರೆದು ಹೋಗು ಎನ್ನುತ್ತೇನೆ.

ಪಾಸ್‌ಪೋರ್ಟಿನ, ಒಪ್ಪಂದ ಪತ್ರದ ನಕಲು ನಿನ್ನ ಅಮ್ಮನ ಹತ್ತಿರ ಬಿಟ್ಟು ಹೋಗು. ತಲುಪಿದ ವಾರದಲ್ಲೇ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸು. ಸಂಬಳ ಅಲ್ಲಿ ಕೂಡಿಡಬೇಡ, ತಿಂಗಳು ತಿಂಗಳಿಗೆ ಊರಿಗೆ ಕಳಿಸು, ನಾನು ಕೂಡಿಟ್ಟು ಕಳೆದುಕೊಂಡವ. ಅಲ್ಲಿಯ ಮಾತು ಕಲಿ, ಕ್ಯಾಂಪಿನ ಹಿಂದಿಯಲ್ಲೇ ದಿನ ತೆಗೆಯಬೇಡ. ಬೆಲೆ, ಸಾಲ, ಗಡಿ ಈ ಮೂರೂ ಒಟ್ಟಿಗೆ ಸುದ್ದಿಯಾದರೆ ದೊಡ್ಡವರ ಜಗಳ ಎಂದು ನಗದೆ ಚೀಲ ಕಟ್ಟಿಡು.

ಮೊದಲ ರಜೆ ಸೆಪ್ಟೆಂಬರಿಗೆ ಹಾಕು. ಅಬುಲ್ ಖಸೀಬ್ ಕಡೆ ಖರ್ಜೂರದ ತೋಟಗಳಿವೆ, ಇರಾನ್ ಯುದ್ಧದಲ್ಲಿ ಸುಟ್ಟು ಉಳಿದವು. ಅಲ್ಲಿಂದ ಒಂದು ಕಿಲೋ ರುತಬ್ ತಾ. ದುಡ್ಡು ಬೇಡ ಎಂದರೂ ಒತ್ತಾಯ ಮಾಡಿ ಕೊಡು. ಅದು ಹೆಚ್ಚು ದಿನ ಉಳಿಯುವುದಿಲ್ಲ, ಪೆಟ್ಟಿಗೆಗೆ ಹಾಕಬೇಡ, ಕೈಚೀಲದಲ್ಲೇ ಇಟ್ಟುಕೊಂಡು ಬಾ.