ಗಬ್ಬರ್‌ನ ಆರು ಮನೆಗಳು: ಸಂಭವನೀಯತೆಯ ಒಂದು ಪಾಠ

ಹುಮನಾಬಾದಿನ ಪ್ರೌಢಶಾಲೆಯೊಂದಕ್ಕೆ ಅಭ್ಯಾಸ ಬೋಧನೆಗೆ ಹೋದಾಗ ಹತ್ತನೆಯ ತರಗತಿಯ ‘ಸಂಭವನೀಯತೆ’ ಘಟಕ ನನ್ನ ಪಾಲಿಗೆ ಬಂತು. ನಾಣ್ಯ, ದಾಳ, ಇಸ್ಪೀಟು ಎಲೆಗಳನ್ನು ಮಕ್ಕಳು ಪಠ್ಯದಲ್ಲೇ ನೋಡಿದ್ದರು. ಪೀಠಿಕೆಗೆ ಬೇರೆ ಏನಾದರೂ ಬೇಕಿತ್ತು. ಬಸವಕಲ್ಯಾಣದಿಂದ ಬೆಳಗಿನ ಬಸ್ಸಿನಲ್ಲಿ ಹೋಗುವಾಗ ಹಿಂದಿನ ಸೀಟಿನ ಹುಡುಗನೊಬ್ಬ ತನ್ನ ಗೆಳೆಯರ ಟಿಕೆಟ್ ಲೆಕ್ಕವನ್ನು ಗಬ್ಬರ್ ಸಿಂಗನ ದನಿಯಲ್ಲಿ ಕೇಳುತ್ತಿದ್ದ. ಎಷ್ಟು ಜನ ಇದ್ದರು ಎನ್ನುವ ಆ ಪ್ರಶ್ನೆಗೆ ಈಗ ಐವತ್ತು ವರ್ಷ. ಹುಡುಗನಿಗೆ ಹದಿನೈದೂ ಇರಲಿಕ್ಕಿಲ್ಲ. ಪಾಠದ ಪೀಠಿಕೆ ನನಗೆ ಅಲ್ಲೇ ಸಿಕ್ಕಿತು.

ಪಾಠ ಯೋಜನೆ ಬರೆಯುವ ಮೊದಲು ಆ ಪಾತ್ರ ಹೇಗೆ ತಯಾರಾಯಿತು ಎಂದು ಓದಿಕೊಂಡೆ. ರಮೇಶ್ ಸಿಪ್ಪಿ ನಿರ್ದೇಶಿಸಿದ, ಸಲೀಂ–ಜಾವೇದ್ ಬರೆದ ‘ಶೋಲೆ’ ತೆರೆಗೆ ಬಂದದ್ದು 1975ರ ಆಗಸ್ಟ್ 15ರಂದು. ಕಥೆಯಲ್ಲಿ ರಾಮಗಢ ಉತ್ತರದ ಹಳ್ಳಿ. ಆದರೆ ಅದನ್ನು ಕಟ್ಟಿದ್ದು ಬೆಂಗಳೂರು–ಮೈಸೂರು ದಾರಿಯ ನಮ್ಮ ರಾಮನಗರದಲ್ಲಿ. ಕಲಾ ನಿರ್ದೇಶಕ ರಾಮ್ ಯೆಡೇಕರ್ ಬೆಟ್ಟದ ಬುಡದಲ್ಲಿ ಇಡೀ ಹಳ್ಳಿಯನ್ನೇ ಎಬ್ಬಿಸಿದರು. ಚಿತ್ರೀಕರಣ 1973ರ ಅಕ್ಟೋಬರ್‌ನಲ್ಲಿ ಶುರುವಾಯಿತು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅಲ್ಲಿನ ಬಂಡೆಗೆ ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ, ವಯಸ್ಸು ಸುಮಾರು 250 ಕೋಟಿ ವರ್ಷ. ಕರಿಕಲ್ಲು ಮತ್ತು ಕೆಂಪು ಜಂಬಿಟ್ಟಿಗೆ ನೋಡಿ ಬೆಳೆದ ಬೀದರ್ ಜಿಲ್ಲೆಯ ಮಕ್ಕಳಿಗೆ ಅಂಥ ಬೋಳು ಬಂಡೆಗಳ ಸಾಲು ಹೊಸದು. ಗಬ್ಬರ್ ನಡೆದಾಡಿದ್ದು ಕರ್ನಾಟಕದ ಕಲ್ಲಿನ ಮೇಲೆ ಎಂದಾಗ ತರಗತಿಯಲ್ಲಿ ಯಾರೂ ನಂಬಲಿಲ್ಲ.

ಆ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಡ್ಯಾನಿ ಡೆಂಜೋಂಗ್ಪಾ. ಅವರು ‘ಧರ್ಮಾತ್ಮಾ’ ಚಿತ್ರಕ್ಕಾಗಿ ಅಫ್ಘಾನಿಸ್ತಾನಕ್ಕೆ ಹೋಗಬೇಕಾಯಿತು. ಜಾಗ ಹಿರಿಯ ನಟ ಜಯಂತ್ ಅವರ ಮಗ ಅಮ್ಜದ್ ಖಾನ್‌ಗೆ ಬಂತು. ಅವರ ದನಿ ದರೋಡೆಕೋರನಿಗೆ ಸಾಲದು ಎಂಬ ಅನುಮಾನ ಚಿತ್ರತಂಡದೊಳಗೇ ಇತ್ತು. ಇಂದು ನಾವು ಅನುಕರಿಸುವುದು ಆ ದನಿಯನ್ನೇ! ತಯಾರಿಗಾಗಿ ಅಮ್ಜದ್ ಅವರು ಚಂಬಲ್ ಕಣಿವೆಯ ಡಕಾಯಿತರ ಬಗ್ಗೆ ತರುಣ್ ಕುಮಾರ್ ಭಾದುರಿ ಬರೆದ ಪುಸ್ತಕ ಓದಿದರು. ಹೆಸರೂ ಅದೇ ಕಣಿವೆಯದು: 1950ರ ದಶಕದಲ್ಲಿ ಪೊಲೀಸರ ಕಿವಿ-ಮೂಗು ಕೊಯ್ಯುತ್ತಿದ್ದ ಗಬ್ಬರ್ ಸಿಂಗ್ ಎಂಬ ಡಕಾಯಿತ ನಿಜವಾಗಿ ಇದ್ದ.

ನನ್ನ ದೃಷ್ಟಿಯಲ್ಲಿ ಈ ಖಳನ ಹೊಸತನ ಇರುವುದು ಅವನಿಗೆ ಕಾರಣವೇ ಇಲ್ಲದಿರುವುದರಲ್ಲಿ. ‘ಮದರ್ ಇಂಡಿಯಾ’ (1957), ‘ಗಂಗಾ ಜಮುನಾ’ (1961) ಚಿತ್ರಗಳ ಡಕಾಯಿತರ ಹಿಂದೆ ಸಾಲ, ಜಮೀನು, ಅನ್ಯಾಯದ ಕಥೆಯಿದೆ. ಅವರ ಮೇಲೆ ನಮಗೆ ಕನಿಕರ ಬರುತ್ತದೆ. ಗಬ್ಬರ್‌ಗೆ ತಾಯಿಯಿಲ್ಲ, ಊರಿಲ್ಲ, ಹಿಂದಿನ ನೋವಿಲ್ಲ. ಧೋತರ, ಹಣೆಯ ತಿಲಕವೂ ಇಲ್ಲ. ಕೊಳೆಯಾದ ಸಿಪಾಯಿ ಬಟ್ಟೆ, ಅಂಗೈಯಲ್ಲಿ ತಂಬಾಕು. ಮೊದಲ ಬಾರಿ ಬರುವಾಗ ಮುಖ ಕಾಣುವುದಕ್ಕೆ ಮುಂಚೆ ಬಂಡೆಯ ಮೇಲೆ ಬೂಟು, ಕೈಯಿಂದ ಇಳಿಬಿಟ್ಟ ಬೆಲ್ಟು ಕಲ್ಲಿಗೆ ತಾಗುವ ಸಪ್ಪಳ. ಮುಂದೇನು ಮಾಡುತ್ತಾನೆ ಎಂಬುದು ಪಕ್ಕದಲ್ಲಿ ನಿಂತ ಅವನ ಜನಕ್ಕೂ ಗೊತ್ತಿಲ್ಲ. ಅಂಜಿಕೆ ಹುಟ್ಟುವುದು ಅಲ್ಲಿಂದ.

ಕನ್ನಡದವರನ್ನು ಬಿಟ್ಟು ಅವನನ್ನೇಕೆ ಆರಿಸಿದೆ ಎಂದು ಸಹಪಾಠಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ರಂಗಭೂಮಿಯಿಂದ ಬಂದು 1969ರ ‘ಮಲ್ಲಮ್ಮನ ಪವಾಡ’ದಿಂದ ಹೆಸರಾದ ವಜ್ರಮುನಿ ಹಲ್ಲು ಕಡಿದರೆ ನಮ್ಮ ಅಜ್ಜಿ ಟಿ.ವಿ.ಗೇ ಶಾಪ ಹಾಕುತ್ತಿದ್ದಳು. ಆದರೆ ವಜ್ರಮುನಿ ಅವರ ಖಳರಿಗೆ ಆಸ್ತಿಯೋ ಹೆಣ್ಣೋ ಸೇಡೋ ಏನೋ ಒಂದು ಬೇಕಿರುತ್ತದೆ. ಅವರ ಮುಂದಿನ ಹೆಜ್ಜೆಯನ್ನು ಊಹಿಸಬಹುದು. ನನಗೆ ಬೇಕಿದ್ದದ್ದು ಊಹೆಗೆ ಸಿಗದವನು. ಮೇಲಾಗಿ, ಮನೆಯಲ್ಲಿ ದಖನಿ ಆಡುವ ಮಕ್ಕಳೂ ಆ ತರಗತಿಯಲ್ಲಿದ್ದರು.

ಆ ದೃಶ್ಯ ಎಲ್ಲರಿಗೂ ಗೊತ್ತು. ಸೋತು ಬಂದ ಮೂವರನ್ನು ಗಬ್ಬರ್ ಸಾಲಾಗಿ ನಿಲ್ಲಿಸುತ್ತಾನೆ. ಪಿಸ್ತೂಲಿನಲ್ಲಿ ಆರು ಗುಂಡು. ಮೂರನ್ನು ಗಾಳಿಗೆ ಹಾರಿಸಿ, ಆರು ಮನೆಯ ಆ ಚಕ್ರವನ್ನು ತಿರುಗಿಸಿ, ಒಬ್ಬೊಬ್ಬರ ಮೇಲೆ ಒಂದೊಂದು ಸಲ ಕುದುರೆ ಎಳೆಯುತ್ತಾನೆ. ಮೂರೂ ಖಾಲಿ. ಮೂವರೂ ಉಳಿಯುವ ಸಂಭವನೀಯತೆ ಎಷ್ಟು?

ಪಾಠ ಯೋಜನೆಯ ಅಂಚಿನಲ್ಲಿ ನಮ್ಮ ಮೇಲ್ವಿಚಾರಕರು ‘ಹಿಂಸೆ?’ ಎಂದಷ್ಟೇ ಬರೆದಿದ್ದರು. ಆದ್ದರಿಂದ ಆಟಿಕೆ ಪಿಸ್ತೂಲು, ವಿಡಿಯೊ ಎರಡನ್ನೂ ಕೈಬಿಟ್ಟೆ. ಮಾತಿನಲ್ಲೇ ದೃಶ್ಯ ಹೇಳಿ, ಕಪ್ಪುಹಲಗೆಯ ಮೇಲೆ ಖಾಲಿ ಮನೆಗೆ ‘ಖಾ’, ಗುಂಡಿರುವ ಮನೆಗೆ ‘ಗು’ ಎಂದು ಬರೆದೆ. ಪ್ರತಿಯೊಬ್ಬನಿಗೂ ಎರಡೇ ಫಲಿತ, ಆದ್ದರಿಂದ ಇದು ಮೂರು ನಾಣ್ಯ ಚಿಮ್ಮಿದ ಹಾಗೆಯೇ ಎಂದು ಎಂಟು ಫಲಿತಗಳನ್ನು ಪಟ್ಟಿ ಮಾಡಿ, ಉತ್ತರ 1/8 ಎಂದು ಗೆರೆ ಎಳೆದೆ.

ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದಳು. “ಸರ್, ಅಂವ ಮೊದ್ಲು ಮೂರು ಗುಂಡು ಸಾಲಾಗಿ ಹಾರಸ್ಯಾನ್ರಿ. ಅಂದ್ರ ಖಾಲಿ ಮನಿ ಮೂರೂ ಬಾಜೂಬಾಜೂಕೇ ಇರ್ತಾವ. ಇದು ನಾಣ್ಯಾ ಹಂಗಲ್ರಿ.”

ಹಿಂದೆ ಮೇಲ್ವಿಚಾರಕರು ಕೂತಿದ್ದರು, ಇಬ್ಬರು ಸಹಪಾಠಿ ವೀಕ್ಷಕರು ಬರೆಯುತ್ತಿದ್ದರು. ನಾನು “ಕೂಡು” ಎಂದೆ. ದನಿ ಜೋರಾಗಿಯೇ ಬಂತು. ಅವಳು ಕೂತಳು. ಆಮೇಲೆ ಉಳಿದ ಹನ್ನೆರಡು ನಿಮಿಷ ತರಗತಿಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ.

ನಾನು ಓದಿದ ಶಾಲೆಯಲ್ಲಿ ಒಬ್ಬ ಮಾಸ್ತರರಿಗೆ ನಾವು ಗಬ್ಬರ್ ಎಂದೇ ಹೆಸರಿಟ್ಟಿದ್ದೆವು. ಲೆಕ್ಕ ತಪ್ಪಿದವರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಒಂದು ದಿನ ನಕ್ಕು ಬಿಡುತ್ತಿದ್ದರು, ಇನ್ನೊಂದು ದಿನ ಬಡಿಯುತ್ತಿದ್ದರು. ಯಾವತ್ತು ಯಾವುದು ಎಂದು ಗೊತ್ತಿರದ ಕಾರಣ ನಾನು ಎರಡು ವರ್ಷ ಕೈ ಎತ್ತಲೇ ಇಲ್ಲ. ಆ ಸಂಜೆ ಬಸ್ಸಿನಲ್ಲಿ ನನಗೆ ನೆನಪಾದದ್ದು ಸಿನಿಮಾ ಅಲ್ಲ, ಆ ಸಾಲು.

ರಾತ್ರಿ ಮತ್ತೆ ಲೆಕ್ಕ ಮಾಡಿದೆ. ಹುಡುಗಿ ಹೇಳಿದ್ದು ಪೂರ್ತಿ ಸರಿ. ಖಾಲಿ ಮೂರು ಒತ್ತಟ್ಟಿಗೆ, ಗುಂಡು ಮೂರು ಒತ್ತಟ್ಟಿಗೆ ಇರುವ ಚಕ್ರ ಆರು ಜಾಗಗಳಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು. ಬರುವ ಫಲಿತಗಳು: ಖಾ-ಖಾ-ಖಾ, ಖಾ-ಖಾ-ಗು, ಖಾ-ಗು-ಗು, ಗು-ಗು-ಗು, ಗು-ಗು-ಖಾ, ಗು-ಖಾ-ಖಾ. ನಾನು ಬರೆದ ಎಂಟರಲ್ಲಿ ಖಾ-ಗು-ಖಾ ಮತ್ತು ಗು-ಖಾ-ಗು ಬರಲು ಸಾಧ್ಯವೇ ಇಲ್ಲ. ಫಲಿತಗಣ ಆರು, ಅನುಕೂಲ ಫಲಿತ ಒಂದು, ಉತ್ತರ 1/6. ಮೂರು ಗುಂಡುಗಳನ್ನು ಮನಬಂದ ಮನೆಗಳಲ್ಲಿ ತುಂಬಿದ್ದರೆ ಮಾತ್ರ ಬೇರೆ: ಮೊದಲಿಗನಿಗೆ 3/6, ನಂತರ ಉಳಿದ ಐದರಲ್ಲಿ ಎರಡು ಖಾಲಿ, ನಂತರ ನಾಲ್ಕರಲ್ಲಿ ಒಂದು, ಗುಣಿಸಿದರೆ 1/20. ಯಾವ ರೀತಿ ನೋಡಿದರೂ ಮೊದಲಿಗ ಉಳಿಯುವ ಸಂಭವನೀಯತೆ 1/2 ಆಗಿಯೇ ಇರುತ್ತದೆ. ಮಕ್ಕಳಿಗೆ ಬಹಳ ಸೋಜಿಗವೆನಿಸಿದ್ದು ಇದೇ.

ಮರುದಿನ ರಟ್ಟಿನ ಚಕ್ರಗಳನ್ನು ಕತ್ತರಿಸಿ ಒಯ್ದೆ. ಪ್ರತಿ ಚಕ್ರಕ್ಕೆ ಆರು ಗುಳಿ, ಮೂರರಲ್ಲಿ ಹುಣಸೆ ಬೀಜ, ನಡುವೆ ಗುಂಡುಸೂಜಿ. ನಿನ್ನೆಯ ಉತ್ತರ ತಪ್ಪು, ಸರಿ ಹೇಳಿದವಳನ್ನು ಕೂಡಿಸಿದ್ದೂ ತಪ್ಪು ಎಂದು ಮೊದಲು ಹೇಳಿದೆ. ಕಪ್ಪುಹಲಗೆಯ ಮೇಲೆ ಆರು ಫಲಿತ ಬರೆಯಲು ಆ ಹುಡುಗಿಯನ್ನೇ ಕರೆದೆ, ನಾಚಿಕೊಂಡಳು, ಬಂದಳು. ಗುಂಪುಗಳು ಚಕ್ರ ತಿರುಗಿಸಿ ಗುರುತು ಹಾಕತೊಡಗಿದವು. ಪ್ರಾಯೋಗಿಕ ಸಂಭವನೀಯತೆ ಗುಂಪಿನಿಂದ ಗುಂಪಿಗೆ ಬೇರೆ ಬಂತು, ಎಲ್ಲರದನ್ನೂ ಕೂಡಿಸಿದಾಗ 1/6ರ ಹತ್ತಿರಕ್ಕೆ ಸರಿಯಿತು.

ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಸರ್, ಮೂವರೂ ಉಳದ ಮ್ಯಾಲೂ ನಕ್ಕು ನಕ್ಕು ಹೊಡೀತಾನಲ್ರಿ. ಹಂಗಾದ್ರ ಚಕ್ರ ತಿರುಗ್ಸಿದ್ದು ಯಾಕ್ರಿ?” ಅದು ಗಣಿತದ ಪ್ರಶ್ನೆಯಲ್ಲ ಎಂದು ದಾಟಿಸಲು ಮನಸ್ಸಾಗಲಿಲ್ಲ. ಸಾವು ಮೊದಲೇ ತೀರ್ಮಾನವಾಗಿತ್ತು, ಮೂವರಿಗೆ ಮಾತ್ರ ಗೊತ್ತಿರಲಿಲ್ಲ ಎಂದೆ. ‘ಖಚಿತ ಘಟನೆ, ಸಂಭವನೀಯತೆ 1’ ಎಂದು ಅವನೇ ಬರೆದುಕೊಂಡ.

ಚಿತ್ರದ ಕೊನೆಯೂ ಹೀಗೆ ಬೇರೆಯವರ ಕೈಯಲ್ಲಿ ತೀರ್ಮಾನವಾದದ್ದೇ. ಸಿಪ್ಪಿ ಚಿತ್ರೀಕರಿಸಿದ್ದರಲ್ಲಿ ಠಾಕೂರ್ ಗಬ್ಬರ್‌ನನ್ನು ಕೊಲ್ಲುತ್ತಾನೆ. ತುರ್ತು ಪರಿಸ್ಥಿತಿಯ ಆ ದಿನಗಳಲ್ಲಿ ಸೆನ್ಸಾರ್ ಮಂಡಳಿ ಒಪ್ಪದೆ, ಪೊಲೀಸರು ಬಂದು ಹಿಡಿಯುವಂತೆ ಬದಲಾಯಿಸಬೇಕಾಯಿತು. ಅಮ್ಜದ್ ಖಾನ್ 1992ರಲ್ಲಿ ತೀರಿಕೊಂಡರು. ಅಷ್ಟರೊಳಗೆ ಪಾಲಿಡೋರ್ ಕಂಪನಿ ಚಿತ್ರದ ಸಂಭಾಷಣೆಗಳನ್ನೇ ಗ್ರಾಮಫೋನ್ ತಟ್ಟೆಯಲ್ಲಿ ತಂದಿತ್ತು, ಗಬ್ಬರ್ ವೇಷದಲ್ಲೇ ಅವರು ಬ್ರಿಟಾನಿಯಾ ಗ್ಲುಕೋಸ್ ಬಿಸ್ಕತ್ತು ಮಾರಿದ್ದರು. ಮಕ್ಕಳನ್ನು ಹೆದರಿಸಿ ಮಲಗಿಸುವ ಹೆಸರು ಮಕ್ಕಳ ತಿಂಡಿಗೂ ಅಂಟಿಕೊಂಡಿತು. ತರಗತಿಯಲ್ಲಿ ಇದನ್ನು ಹೇಳಲು ವೇಳೆ ಸಿಗಲಿಲ್ಲ.

ಈ ಪಾಠ ಮಾಡಬೇಕೆನ್ನುವವರು ಎರಡು ಅವಧಿ ಇಟ್ಟುಕೊಳ್ಳಿ. 1/20ರ ಲೆಕ್ಕ ಪಿ.ಯು. ಮಟ್ಟದ್ದು, ಕೇಳಿದವರಿಗೆ ಮಾತ್ರ. ಚಕ್ರಗಳು ನಮ್ಮ ಗಣಿತ ಕೊಠಡಿಯ ಕಪಾಟಿನಲ್ಲಿವೆ. ಹುಣಸೆ ಬೀಜ ಮಾತ್ರ ನೀವೇ ತರಬೇಕು.