ಪಯಣದಲ್ಲಿ ಉಸಿರಿನ ಕಾವಲು

ಕುಂದಗೋಳ ತಾಲೂಕಿನ ಬೆಟದೂರಿನ ವೀರಯೋಧ ಹನುಮಂತಪ್ಪ ಕೊಪ್ಪದ ಅವರನ್ನು ನಾಡು ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಹಿಮಕುಸಿತದಲ್ಲಿ ಹೂತುಹೋದ ಅವರು 8ರಂದು ಜೀವಂತವಾಗಿ ದೊರೆತರು. ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿ, ಮರುದಿನ ವಿಮಾನದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ ತಂದು, ವೆಂಟಿಲೇಟರ್ ನೆರವಿನಲ್ಲಿರಿಸಲಾಯಿತು. 11ರಂದು ಅವರು ಹುತಾತ್ಮರಾದರು. ಸ್ವತಃ ಉಸಿರಾಡಲಾರದ ರೋಗಿಯನ್ನು ಹೀಗೆ ದೂರಕ್ಕೆ ಸಾಗಿಸುವಾಗ ಜೊತೆಗೊಯ್ಯುವ ವೆಂಟಿಲೇಟರ್ ಹೇಗಿರಬೇಕು? ಸದ್ಭಕ್ತರು ತಿಳಿದಿರಬೇಕಾದ ನಾಲ್ಕು ಸಂಗತಿಗಳು ಇಲ್ಲಿವೆ.

ಮೊದಲನೆಯದು ಆಮ್ಲಜನಕ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 7 ಗಂಟೆಯ ಹಾದಿ. ನಿಮಿಷಕ್ಕೆ 10 ಲೀಟರ್ ಬೇಕಾದರೆ ಒಟ್ಟು 4200 ಲೀಟರ್ ವ್ಯಯವಾಗುತ್ತದೆ. ದಾರಿಯ ವಿಳಂಬಕ್ಕಾಗಿ ಅದರರ್ಧ ಹೆಚ್ಚುವರಿ ಇರಿಸಿದರೆ 6300 ಲೀಟರ್. ಅಂದರೆ 7000 ಲೀಟರಿನ ಒಂದು ದೊಡ್ಡ ಸಿಲಿಂಡರ್. ಹೆಲಿಕಾಪ್ಟರಿನಲ್ಲಿ ಇಷ್ಟು ಭಾರ ಹೊರುವುದು ಕಷ್ಟ. ಕೆಲವು ಯಂತ್ರಗಳು ತಮ್ಮ ಚಾಲನೆಗೂ ಆಮ್ಲಜನಕವನ್ನೇ ಬಳಸುತ್ತವೆ. ಟರ್ಬೈನ್ ಇರುವವು ಸುತ್ತಲಿನ ಗಾಳಿಯನ್ನು ಸೆಳೆದುಕೊಳ್ಳುತ್ತವೆ. ಆದ್ದರಿಂದ ಯಂತ್ರದ ಸ್ವಂತ ವ್ಯಯವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಎರಡನೆಯದು ಬ್ಯಾಟರಿ. ಹಾಸಿಗೆಯಿಂದ ಹಾಸಿಗೆಯವರೆಗಿನ ಪೂರ್ಣ ಸಮಯಕ್ಕೆ ಅದು ಸಾಲಬೇಕು. ಹಾರಾಟದ ಅವಧಿಯನ್ನಷ್ಟೇ ಎಣಿಸಿದರೆ ಸಾಲದು. ಹಳೆಯ ಬ್ಯಾಟರಿ ಪತ್ರದಲ್ಲಿ ಬರೆದಷ್ಟು ಹೊತ್ತು ಬಾಳದು. ಬದಲಿ ಬ್ಯಾಟರಿ ಜೊತೆಗಿರಲಿ.

ಮೂರನೆಯದು ಎತ್ತರ. ಮೇಲೇರಿದಂತೆ ವಾಯುವಿನ ಒತ್ತಡ ತಗ್ಗಿ, ಮುಚ್ಚಿದೆಡೆಯ ಗಾಳಿ ಹಿಗ್ಗುತ್ತದೆ. ಶ್ವಾಸನಾಳದ ಕೊಳವೆಯ ಸುತ್ತಲಿನ ಪುಟ್ಟ ಬಲೂನು ಉಬ್ಬಿ ನಾಳವನ್ನು ಒತ್ತಬಹುದು. ಎದೆಗೂಡಿನಲ್ಲಿ ಗಾಳಿ ಸೋರಿ ನಿಂತಿದ್ದರೆ ಅಪಾಯ ಇಮ್ಮಡಿಸುತ್ತದೆ. ಎತ್ತರಕ್ಕೆ ತಕ್ಕಂತೆ ಹೊಂದಿಸಿಕೊಳ್ಳದ ಯಂತ್ರ ನೀಡುವ ಗಾಳಿಯ ಅಳತೆಯೂ ತಪ್ಪಬಹುದು. ವಾಯುಯಾನಕ್ಕೆ ಅನುಮೋದಿತವಾದ ಯಂತ್ರವನ್ನೇ ಆರಿಸಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ನಾಲ್ಕನೆಯದು ಎಚ್ಚರಿಕೆಯ ಸಂಕೇತ. ಹೆಲಿಕಾಪ್ಟರಿನ ಗದ್ದಲದಲ್ಲಿ ಅಲಾರಾಂ ಕೇಳಿಸದು, ಸ್ಟೆತಾಸ್ಕೋಪೂ ನಿರುಪಯುಕ್ತ. ಯಂತ್ರದ ದೀಪ ಮತ್ತು ಅಂಕಿಗಳು ದೂರದಿಂದಲೇ ಕಾಣುವಂತಿರಬೇಕು. ನೋಡುವ ಕಣ್ಣು ಕದಲಬಾರದು.

ಎಷ್ಟೇ ಉತ್ತಮ ಯಂತ್ರವಾದರೂ ಕೆಡಬಹುದು. ಕೈಯಿಂದ ಒತ್ತಿ ಉಸಿರು ನೀಡುವ ಅಂಬು ಚೀಲ ರೋಗಿಯ ತಲೆಯ ಬಳಿಯೇ ಇರಬೇಕು. ಅದನ್ನು ಬಳಸಬಲ್ಲ ತರಬೇತಾದ ವ್ಯಕ್ತಿ ಜೊತೆಗಿರಬೇಕು.

ಯಾವ ಯಂತ್ರವೆಂಬ ತೀರ್ಮಾನ ವೈದ್ಯರದು. ಆದರೂ ಹೊರಡುವ ಮುನ್ನ ಬಂಧುಗಳು ವಿನಯದಿಂದ ಕೇಳಬಹುದು: ಆಮ್ಲಜನಕ ಎಷ್ಟು ಗಂಟೆಗಿದೆ? ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ? ಯಂತ್ರ ನಿಂತರೆ ಉಸಿರು ನೀಡುವವರು ಯಾರು? ಈ ಮೂರಕ್ಕೂ ಸ್ಪಷ್ಟ ಉತ್ತರ ದೊರೆತ ಮೇಲೆಯೇ ಪಯಣ ಆರಂಭವಾಗಲಿ.