ಕೊಲ್ಲಿ ನಾಡಿನ ವ್ಯವಹಾರ ಮರ್ಯಾದೆ

ಕಾಸರಗೋಡಿನಿಂದ ಸೌದಿ ಅರೇಬಿಯಕ್ಕೆ ಉದ್ಯೋಗಾರ್ಥವಾಗಿ ತೆರಳುವ ನಮ್ಮ ಶಾಲೆಯ ಮಕ್ಕಳಿಗೆ ನಾನು ಹೇಳುವ ಕಿವಿಮಾತು: ಅಲ್ಲಿ ವಿಶ್ವಾಸ ಮೊದಲು, ವ್ಯವಹಾರ ಆಮೇಲೆ. ಕುಶಲಪ್ರಶ್ನೆ ಮುಗಿಯುವ ಮುನ್ನ ಬೆಲೆಯ ಮಾತೆತ್ತಬಾರದು.

ಏಲಕ್ಕಿ ಬೆರೆಸಿದ ಗಹ್ವಾ ಕಾಫಿಯನ್ನು ಬಲಗೈಯಿಂದಲೇ ಸ್ವೀಕರಿಸಬೇಕು; ಸಾಕಾದಾಗ ಬಟ್ಟಲನ್ನು ತುಸು ಅಲುಗಿಸಿ ಹಿಂದಿರುಗಿಸಬೇಕು, ಇಲ್ಲವಾದರೆ ಮತ್ತೆ ತುಂಬುವರು. ಮಹಿಳೆಯರು ತಾವಾಗಿ ಕೈನೀಡದೆ ಪುರುಷರು ಹಸ್ತಲಾಘವಕ್ಕೆ ಮುಂದಾಗಬಾರದು. ಎದೆಯ ಮೇಲೆ ಕೈಯಿಟ್ಟು ವಂದಿಸಿದರೆ ಸಾಕು. ನಮಾಜಿಗೆಂದು ಮಾತುಕತೆ ನಿಂತರೆ ತಾಳ್ಮೆಯಿಂದ ಕಾಯತಕ್ಕದ್ದು.

2013ರಿಂದ ಅಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಭಾನುವಾರ ಕೆಲಸದ ದಿನ. ರಂಜಾನ್ ಮಾಸದಲ್ಲಿ ಮುಸ್ಲಿಂ ನೌಕರರ ದುಡಿಮೆ ದಿನಕ್ಕೆ 6 ಗಂಟೆ ಮೀರದು; ಹಗಲಿನಲ್ಲಿ ಅನ್ಯಮತೀಯರೂ ಬಹಿರಂಗವಾಗಿ ಉಣ್ಣುವುದು, ಕುಡಿಯುವುದು ಕೂಡದು. ತಪ್ಪಿದರೆ ಕೆಲಸಕ್ಕೇ ಸಂಚಕಾರ ಬಂದೀತು. ಹಲವು ಮತಗಳವರು ಒಂದೇ ಬೆಂಚಿನಲ್ಲಿ ಕುಳಿತು ಕಲಿತ ನಮಗಿದು ಕಠಿಣವಲ್ಲ.